ಮರಳಿ ದಿನಚರಿಗೆ: ಪಾರ್ಶ್ವವಾಯುವಿನ ನಂತರ ಬಗೆಹರಿಸಿಕೊಳ್ಳುವ ಕಲಿಕೆ



ಪಾರ್ಶ್ವವಾಯುವಿನ ಬಗ್ಗೆ ಸಾರ್ವಜನಿಕವಾಗಿ ಮಾತು ಬಂದಾಗಲೆಲ್ಲ ಅದು ಮೊದಲ ಕೆಲವು ಗಂಟೆಗಳ ಮಾತಾಗಿರುತ್ತದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತನಾಳ ಕಟ್ಟಿಕೊಂಡು ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು 4.5 ಗಂಟೆಯೊಳಗೆ ಬೀಳಬೇಕು. ಈ ತಿಳಿವಳಿಕೆ ಜೀವ ಉಳಿಸುತ್ತದೆ, ಅದು ಇನ್ನಷ್ಟು ಹಬ್ಬಬೇಕು. ಇಂದು ನಾನು ತಮ್ಮ ಮುಂದಿಡಬಯಸುವುದು ಆ ಗಂಟೆಗಳು ಕಳೆದ ಮೇಲಿನ ವರ್ಷಗಳ ವಿಚಾರ. ಜೀವ ಉಳಿಯಿತು, ಮನೆಗೆ ಬಂದದ್ದಾಯಿತು. ಮರುದಿನ ಬೆಳಿಗ್ಗೆ ಹಲ್ಲುಜ್ಜಬೇಕು, ಸ್ನಾನ ಮಾಡಬೇಕು, ಅಂಗಿ ತೊಡಬೇಕು. ಇವನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು ಎನ್ನುವ ಪ್ರಶ್ನೆಗೆ ನಮ್ಮ ಆರೋಗ್ಯ ವ್ಯವಸ್ಥೆ ಇನ್ನೂ ಸರಿಯಾಗಿ ಉತ್ತರ ಕೊಟ್ಟಿಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪಾರ್ಶ್ವವಾಯು ಕೈಕಾಲಿನ ಬಲವನ್ನು ಕಸಿಯುತ್ತದೆ. ಅದರ ಬೆನ್ನಿಗೇ, ಕೆಲಸವೊಂದು ಕೆಟ್ಟಾಗ ಅದನ್ನು ತಾನೇ ಸರಿಪಡಿಸಿಕೊಳ್ಳುವ ಅಧಿಕಾರವೂ ರೋಗಿಯ ಕೈತಪ್ಪುತ್ತದೆ. ಆ ಅಧಿಕಾರವನ್ನು ಸ್ವಲ್ಪ ಭಾಗ ರೋಗ ಕಸಿದರೆ, ಸ್ವಲ್ಪ ಭಾಗ ನಾವೇ, ಪ್ರೀತಿಯಿಂದಲೇ, ಕಸಿದುಕೊಳ್ಳುತ್ತೇವೆ. ಅದನ್ನು ಮರಳಿ ಕೊಡುವುದೇ ಪುನರ್ವಸತಿಯ ಮುಖ್ಯ ಕೆಲಸ ಎಂದು ನಾನು ನಂಬುತ್ತೇನೆ.

ಒಂದು: ಹಿನ್ನೆಲೆ

ನಮ್ಮಲ್ಲಿ ಫಿಜಿಯೊಥೆರಪಿ ಎಂದರೆ ಜನರಿಗೆ ಗೊತ್ತು. ಆಕ್ಯುಪೇಷನಲ್ ಥೆರಪಿ ಅಷ್ಟು ಪರಿಚಿತವಲ್ಲ. ಸ್ಥೂಲವಾಗಿ ಹೇಳುವುದಾದರೆ, ಫಿಜಿಯೊಥೆರಪಿಯ ಗಮನ ಚಲನೆಯ ಮೇಲೆ: ಸ್ನಾಯುಬಲ, ಕೀಲಿನ ಸಡಿಲ, ನಡಿಗೆ. ಆಕ್ಯುಪೇಷನಲ್ ಥೆರಪಿಯ ಗಮನ ಆ ಚಲನೆ ಯಾವ ಕೆಲಸಕ್ಕೆ ಬೇಕೋ ಆ ಕೆಲಸದ ಮೇಲೆ. ಭುಜ ಎಷ್ಟು ಡಿಗ್ರಿ ಏಳುತ್ತದೆ ಎನ್ನುವುದಕ್ಕಿಂತ ಆ ಭುಜದಿಂದ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಆಗುತ್ತದೆಯೇ ಎನ್ನುವುದು ಇಲ್ಲಿನ ಪ್ರಶ್ನೆ.

ಈ ಶಾಸ್ತ್ರ ಸಂಘಟಿತ ವೃತ್ತಿಯಾಗಿ ರೂಪು ತಳೆದದ್ದು 1917ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ. ಸಭೆ ಕರೆದ ಜಾರ್ಜ್ ಬಾರ್ಟನ್ ವೈದ್ಯನಲ್ಲ, ವಾಸ್ತುಶಿಲ್ಪಿ. ಕ್ಷಯರೋಗಕ್ಕೆ ತುತ್ತಾಗಿ, ಮುಂದೆ ಮೈಯ ಎಡಭಾಗದ ಸ್ವಾಧೀನ ಕಳೆದುಕೊಂಡು, ತೋಟಗಾರಿಕೆ ಮತ್ತು ಮರಗೆಲಸ ಮಾಡುತ್ತ ತನ್ನನ್ನು ತಾನು ಚೇತರಿಸಿಕೊಂಡವನು. ಚಿಕಿತ್ಸೆ ಪಡೆಯುವವನು ಸುಮ್ಮನೆ ಮಲಗಿರುವ ವಸ್ತುವಲ್ಲ ಎಂಬ ನಿಲುವು ಹೀಗೆ ಈ ವೃತ್ತಿಯ ಹುಟ್ಟಿನಲ್ಲೇ ಇದೆ.

ಭಾರತಕ್ಕೆ ಇದು ಬಂದದ್ದು 1950ರಲ್ಲಿ. ಅಮೆರಿಕದಲ್ಲಿ ಹುಟ್ಟಿ ಭಾರತೀಯರನ್ನು ಮದುವೆಯಾಗಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ ಅವರು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ರೂಪುಗೊಂಡ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ಮಣಿಪಾಲದಂಥ ಕಡೆ ಪದವಿ ಶಿಕ್ಷಣವಿದೆ. 2021ರ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಯನ್ನು ತನ್ನ ವ್ಯಾಪ್ತಿಗೆ ತಂದಿದೆ. ಇಷ್ಟು ಹಳೆಯ ಇತಿಹಾಸವಿದ್ದೂ ಲಕ್ವ ಹೊಡೆದವರ ಮನೆಯವರಿಗೆ ಈ ಹೆಸರು ಅಪರಿಚಿತವಾಗಿ ಉಳಿದಿರುವುದು ಯೋಚಿಸಬೇಕಾದ ವಿಷಯ.

ಎರಡು: ಕಾಣುವ ನಷ್ಟ, ಕಾಣದ ನಷ್ಟ

ಮಿದುಳಿನ ಎಡ ಅರೆಗೋಳಕ್ಕೆ ಪೆಟ್ಟಾದರೆ ಮೈಯ ಬಲಭಾಗ ಸೋಲುತ್ತದೆ; ಬಲ ಅರೆಗೋಳಕ್ಕಾದರೆ ಎಡಭಾಗ. ಇದು ಎಲ್ಲರಿಗೂ ಕಾಣುತ್ತದೆ. ಕಾಣದವು ಇನ್ನೂ ಹಲವಿವೆ. ಎಡ ಅರೆಗೋಳದ ಪೆಟ್ಟಿನಲ್ಲಿ ಮಾತು ಹೋಗಬಹುದು. ಕೈಯಲ್ಲಿ ಬಲವಿದ್ದೂ ಕೆಲಸದ ಕ್ರಮ ಮರೆತುಹೋಗಬಹುದು: ಬಾಚಣಿಗೆ ಕೊಟ್ಟರೆ ಬಾಯಿಗೆ ಒಯ್ಯುತ್ತಾರೆ, ಚಪ್ಪಲಿ ಕೈಗೆತ್ತಿಕೊಂಡು ಮುಂದೇನೆಂದು ತೋಚದೆ ಕೂರುತ್ತಾರೆ. ಬಲ ಅರೆಗೋಳದ ಪೆಟ್ಟಿನಲ್ಲಿ ಜಗತ್ತಿನ ಎಡಭಾಗವೇ ಗಮನದಿಂದ ಜಾರಿಹೋಗುವುದುಂಟು. ಕಣ್ಣು ಚೆನ್ನಾಗಿಯೇ ಇರುತ್ತದೆ, ಆದರೂ ತಟ್ಟೆಯ ಎಡಗಡೆ ಇರುವ ಪಲ್ಯವನ್ನು ಮುಟ್ಟದೆ ‘ಪಲ್ಯ ಯಾಕೆ ಹಾಕಲಿಲ್ಲ?’ ಎಂದು ಸಿಟ್ಟಾಗುತ್ತಾರೆ. ಮನೆಯವರು ಇದನ್ನು ಹಟ ಎಂದೋ ಬುದ್ಧಿಭ್ರಮಣೆ ಎಂದೋ ತಿಳಿಯುತ್ತಾರೆ.

ಇವುಗಳ ಜೊತೆಗೆ ದಣಿವು. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರನ್ನು ಕಾಡುವ ಖಿನ್ನತೆ. ಕೆಲವರಲ್ಲಿ ಯೋಜನೆ ಹಾಕುವ, ತಪ್ಪನ್ನು ಗುರುತಿಸುವ, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹಿಡಿಯುವ ಶಕ್ತಿಗೇ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ ಒಂದೇ ರೀತಿ ಸೋತ ಕೈಯಿರುವ ಇಬ್ಬರಲ್ಲಿ ಒಬ್ಬರು ತಾವೇ ಅಂಗಿ ತೊಟ್ಟುಕೊಂಡಾರು, ಇನ್ನೊಬ್ಬರು ತೊಡಲಾರರು.

ಇಂಥ ಸ್ಥಿತಿಯನ್ನು ಅಳೆಯಲು 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ. ಊಟ, ಸ್ನಾನ, ಉಡುಪು, ಶೌಚ, ನಡಿಗೆ, ಮೆಟ್ಟಿಲು ಮುಂತಾದ ಹತ್ತು ಅಂಶಗಳು, ಒಟ್ಟು 100 ಅಂಕ. ಉಪಯುಕ್ತ ಸಾಧನ, ಸಂಶಯವಿಲ್ಲ. ಆದರೆ 100 ಅಂಕ ಬಂದವರೂ ಬಸ್ಸು ಹತ್ತಲಾರದೆ, ಅಡುಗೆ ಮಾಡಲಾರದೆ, ಅಂಗಡಿಯ ಲೆಕ್ಕ ಬರೆಯಲಾರದೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ವರ್ಗೀಕರಣವು ಅಂಗದ ದೋಷದ ಜೊತೆಗೆ ಚಟುವಟಿಕೆ, ಸಮಾಜದಲ್ಲಿ ಪಾಲುಗೊಳ್ಳುವಿಕೆ ಮತ್ತು ಸುತ್ತಲ ಪರಿಸರವನ್ನೂ ಪರಿಗಣಿಸಲು ಹೇಳಿದ್ದು ಈ ಕಾರಣಕ್ಕೇ. ಬಚ್ಚಲಿನ ಜಾರುವ ನೆಲ, ಎತ್ತರದ ಹೊಸ್ತಿಲು, ಕುಕ್ಕರಗಾಲಿನಲ್ಲಿ ಕೂರಬೇಕಾದ ಶೌಚಾಲಯ ಇವೆಲ್ಲ ನಮ್ಮ ಮನೆಗಳಲ್ಲಿ ಅಂಗವಿಕಲತೆಯ ಅರ್ಧ ಕಾರಣಗಳು.

ಮೂರು: ಸೇವೆ ಮತ್ತು ಅದರ ನೆರಳು

ನಮ್ಮ ಕುಟುಂಬಗಳು ರೋಗಿಯನ್ನು ಕೈಬಿಡುವುದಿಲ್ಲ. ಸೊಸೆ ತುತ್ತು ಮಾಡಿ ತಿನ್ನಿಸುತ್ತಾಳೆ, ಮಗ ಎತ್ತಿ ಕೂರಿಸುತ್ತಾನೆ, ಮೊಮ್ಮಗಳು ಚಪ್ಪಲಿ ಹಾಕುತ್ತಾಳೆ. ಲಕ್ವಕ್ಕೆ ನಾಟಿ ಔಷಧಿ ಕೊಡುವ ಊರುಗಳ ಹೆಸರು ಬಾಯಿಂದ ಬಾಯಿಗೆ ಹರಡಿ, ಬಾಡಿಗೆ ಕಾರು ಮಾಡಿಕೊಂಡು ಅಲ್ಲಿಗೂ ಕರೆದೊಯ್ಯುತ್ತಾರೆ. ಈ ಅಕ್ಕರೆಯನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ತೈಲ, ಮಾತ್ರೆ, ಉಪಚಾರ ಯಾವುದೇ ಇರಲಿ, ಇಲ್ಲೆಲ್ಲ ರೋಗಿ ಪಡೆಯುವವರಾಗಿಯೇ ಉಳಿಯುತ್ತಾರೆ. ‘ನೀವು ಸುಮ್ಮನೆ ಕೂತಿರಿ, ನಾವು ಮಾಡ್ತೀವಿ’ ಎನ್ನುವ ಮಾತು ಗೌರವದ್ದೇ. ದಿನಾಲೂ ಕೇಳಿದಾಗ ಅದೇ ಮಾತು ‘ನಿಮ್ಮಿಂದಾಗದು’ ಎಂಬ ತೀರ್ಪಾಗುತ್ತದೆ.

ಇದಕ್ಕೆ ಶರೀರಶಾಸ್ತ್ರದ ಆಧಾರವೂ ಇದೆ. ಎಡ್ವರ್ಡ್ ಟೌಬ್ ಎಂಬ ಅಮೆರಿಕದ ವಿಜ್ಞಾನಿ ಕೋತಿಗಳ ಮೇಲಿನ ಅಧ್ಯಯನದಿಂದ ತೋರಿಸಿದಂತೆ, ಪೆಟ್ಟಾದ ಹೊಸತರಲ್ಲಿ ಕೈ ಬಳಸಲು ಯತ್ನಿಸಿ ಸೋತ ಪ್ರಾಣಿ ಅದನ್ನು ಬಳಸದಿರುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ಮುಂದೆ ಶಕ್ತಿ ಮರಳಿದರೂ ಕೈ ಮರಳುವುದಿಲ್ಲ. ಈ ತಿಳಿವಿನಿಂದಲೇ ಗಟ್ಟಿ ಕೈಗೆ ಕವಚ ತೊಡಿಸಿ ಸೋತ ಕೈಯನ್ನು ದುಡಿಸುವ ಚಿಕಿತ್ಸಾಕ್ರಮ ಬೆಳೆಯಿತು. ಬಳಸದ ಕೈಗೆ ಆಗುವುದೇ ಬಳಸದ ಬುದ್ಧಿಗೂ ಆಗುತ್ತದೆ ಎಂದು ನಾನು ಸೇರಿಸುತ್ತೇನೆ. ತಿಂಗಳುಗಟ್ಟಲೆ ಪ್ರತಿಯೊಂದು ತೊಡಕನ್ನೂ ಬೇರೆಯವರೇ ಬಿಡಿಸಿಕೊಟ್ಟರೆ, ಬಿಡಿಸಿಕೊಳ್ಳುವ ಯತ್ನವೇ ನಿಂತುಹೋಗುತ್ತದೆ.

ಹಾಗಾದರೆ ಮನೆಯವರಿಗೆ ಒಂದಷ್ಟು ವ್ಯಾಯಾಮ ಕಲಿಸಿಬಿಟ್ಟರೆ ಸಾಕೇ? ಈ ಪ್ರಶ್ನೆಯನ್ನು ಭಾರತದಲ್ಲೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಗಿದೆ. 14 ಆಸ್ಪತ್ರೆಗಳ 1250 ರೋಗಿಗಳನ್ನು ಒಳಗೊಂಡ, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ‘ಅಟೆಂಡ್’ ಅಧ್ಯಯನದಲ್ಲಿ ಕುಟುಂಬದ ಒಬ್ಬರಿಗೆ ತರಬೇತಿ ಕೊಟ್ಟು ಮನೆಯಲ್ಲೇ ಪುನರ್ವಸತಿ ನಡೆಸುವ ಏರ್ಪಾಡಿತ್ತು. ಆರು ತಿಂಗಳ ನಂತರ ನೋಡಿದಾಗ ಸಾವು ಅಥವಾ ಪರಾವಲಂಬನೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಒಂದೇ ಕಾರಣವನ್ನು ಬೊಟ್ಟು ಮಾಡಲಾಗದು, ಕುಟುಂಬದ ಪಾತ್ರ ವ್ಯರ್ಥವೆಂದೂ ತೀರ್ಮಾನಿಸಲಾಗದು. ಆದರೆ ಒಂದು ಎಚ್ಚರಿಕೆ ಇದೆ: ಪರಿಣತರು ಮಾಡಬೇಕಾದ ಕೆಲಸವನ್ನು ಅಕ್ಕರೆಯ ಹೆಗಲಿಗೆ ವರ್ಗಾಯಿಸಿದ ಮಾತ್ರಕ್ಕೆ ಫಲ ಸಿಗುತ್ತದೆಂದು ಆರೋಗ್ಯ ಇಲಾಖೆಗಳು ನೆಮ್ಮದಿಯಿಂದ ಇರಲಾಗದು.

ನಾಲ್ಕು: ಬಗೆಹರಿಸಿಕೊಳ್ಳುವುದನ್ನು ಕಲಿಸುವುದು

ಚಿಕಿತ್ಸಕರ ಮುಂದೆ ಒಂದು ವ್ಯಾವಹಾರಿಕ ತೊಡಕಿದೆ. ಒಬ್ಬ ಮನುಷ್ಯ ದಿನಕ್ಕೆ ಮಾಡುವ ಕೆಲಸಗಳು ಲೆಕ್ಕಕ್ಕೆ ಸಿಗದಷ್ಟು. ಚಿಕಿತ್ಸೆಗೆ ಸಿಗುವ ಅವಧಿ ಕೆಲವೇ ಗಂಟೆ. ಒಂದೊಂದು ಕೆಲಸವನ್ನೂ ಬಿಡಿಬಿಡಿಯಾಗಿ ಕಲಿಸುತ್ತ ಹೋದರೆ ಮುಗಿಯುವುದೇ ಇಲ್ಲ. ಅಲ್ಲದೆ ಆಸ್ಪತ್ರೆಯ ಮಂಚದ ಮೇಲೆ ಕಲಿತದ್ದು ಮನೆಯ ಬಚ್ಚಲಿನಲ್ಲಿ ಒದಗುತ್ತದೆಂಬ ಖಾತ್ರಿಯೂ ಇಲ್ಲ.

ಇದಕ್ಕೆ ಕೆನಡಾದಲ್ಲಿ ಒಂದು ಉತ್ತರ ರೂಪುಗೊಂಡಿತು. ಹೆಲೆನ್ ಪೊಲಟಾಯ್ಕೊ, ಏಂಜೆಲಾ ಮ್ಯಾಂಡಿಚ್ ಮತ್ತು ಸಂಗಡಿಗರು ಚಲನೆಯ ಹೊಂದಾಣಿಕೆಯಲ್ಲಿ ತೊಂದರೆಯಿದ್ದ ಮಕ್ಕಳಿಗಾಗಿ 1990ರ ದಶಕದಲ್ಲಿ ‘ಕೋ-ಆಪ್’ ಎಂಬ ಕ್ರಮವನ್ನು ಬೆಳೆಸಿದರು. ಮುಂದೆ ಅದನ್ನು ಪಾರ್ಶ್ವವಾಯುವಾದ ವಯಸ್ಕರಿಗೂ ಅಳವಡಿಸಲಾಯಿತು. ಅದರ ತಿರುಳು ನಾಲ್ಕು ಹೆಜ್ಜೆ: ಗುರಿ, ಯೋಜನೆ, ಪ್ರಯೋಗ, ಪರಿಶೀಲನೆ. ಏನು ಮಾಡಬೇಕು? ಹೇಗೆ ಮಾಡಲಿ? ಮಾಡಿ ನೋಡುತ್ತೇನೆ. ಆಯಿತೇ, ಇಲ್ಲದಿದ್ದರೆ ಎಲ್ಲಿ ತಪ್ಪಿತು? ತನಗೆ ತಾನೇ ಮಾತಾಡಿಕೊಳ್ಳುತ್ತ ಕೆಲಸ ಕಲಿಯುವ ಈ ಬಗೆಯನ್ನು ಮನಶ್ಶಾಸ್ತ್ರಜ್ಞ ಡೊನಾಲ್ಡ್ ಮೈಕನ್‌ಬಾಮ್ 1970ರ ದಶಕದಲ್ಲೇ ನಿರೂಪಿಸಿದ್ದರು.

ನಾಲ್ಕು ಹೆಜ್ಜೆಗಳು ನೋಡಲು ಸರಳ. ಅವನ್ನು ನಡೆಸುವಾಗ ಪಾಲಿಸಬೇಕಾದ ಶಿಸ್ತು ಕಠಿಣ. ಗುರಿಯನ್ನು ರೋಗಿಯೇ ಆರಿಸಬೇಕು. ಚಿಕಿತ್ಸಕರು ಉತ್ತರ ಹೇಳಬಾರದು, ಪ್ರಶ್ನೆ ಕೇಳಬೇಕು. ಒಂದು ಸಲಕ್ಕೆ ಒಂದೇ ತೊಡಕನ್ನು ಹಿಡಿಯಬೇಕು. ಕೈ ಹಿಡಿದು ತಿದ್ದುವ ಬದಲು, ತಪ್ಪು ಎಲ್ಲಿದೆಯೆಂದು ರೋಗಿಗೇ ಕಾಣುವಂತೆ ಮಾಡಬೇಕು. ಗುರಿಯನ್ನು ಗುರುತಿಸಲು ಕೆನಡಾದವರದೇ ಒಂದು ಮಾಪನ ಬಳಕೆಯಲ್ಲಿದೆ. ತನಗೆ ಮುಖ್ಯವಾದ ಕೆಲಸವನ್ನು ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರಿಂದ ಎಷ್ಟು ತೃಪ್ತಿ ಇದೆ ಎಂಬುದಕ್ಕೆ ರೋಗಿಯೇ ಹತ್ತಕ್ಕೆ ಅಂಕ ಕೊಡುತ್ತಾರೆ. ಎರಡು ಅಂಕ ಏರಿದರೆ ಅದು ಗಣನೀಯ ಸುಧಾರಣೆ. ಇಲ್ಲಿ ಪರೀಕ್ಷಕ ರೋಗಿಯೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎಡಗೈ ಸೋತ ಒಬ್ಬ ಗೃಹಿಣಿ. ಮನೆಯವರು ಅವರ ನಡಿಗೆಯ ಬಗ್ಗೆ ಚಿಂತಿಸುತ್ತಿದ್ದಾರೆ. ಅವರಿಗೆ ಬೇಕಾಗಿರುವುದು ಅಡುಗೆಮನೆ. ‘ಸಾರಿಗೆ ಈರುಳ್ಳಿ ಹೆಚ್ಚಿ ಒಗ್ಗರಣೆ ಹಾಕಬೇಕು’ ಎನ್ನುತ್ತಾರೆ. ಈಳಿಗೆ ಮಣೆಯ ಮೇಲೆ ಒಂದು ಮಂಡಿ ಊರಿ ಎರಡೂ ಕೈಯಲ್ಲಿ ಹೆಚ್ಚುವುದು ಈಗ ಆಗದ ಮಾತು. ಆದ್ದರಿಂದ ಮೇಜು, ಹಲಗೆ, ಚಾಕು. ಮೊದಲ ಯತ್ನದಲ್ಲಿ ಈರುಳ್ಳಿ ಉರುಳಿ ಕೆಳಗೆ ಬೀಳುತ್ತದೆ.

‘ಏನಾಯ್ತಮ್ಮಾ?’

‘ಉರುಳಿ ಹೋಯ್ತು. ಹಿಡ್ಕೊಳ್ಳೋ ಕೈ ಇಲ್ವಲ್ಲ.’

‘ಕೈ ಹಿಡಿಯೋದಿಲ್ಲ ಅಂದ್ರೆ ಇನ್ನೇನು ಹಿಡೀಬಹುದು?’

ಅವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಈ ಹೊತ್ತನ್ನು ಕೊಡುವುದೇ ಚಿಕಿತ್ಸೆ. ಇಲ್ಲಿ ಬಾಯಿ ಹಾಕದಿರುವುದೇ ಚಿಕಿತ್ಸಕರ ಪರಿಣತಿ. ‘ಏನಕ್ಕಾದರೂ ಚುಚ್ಚಿಟ್ಟರೆ?’ ಎನ್ನುತ್ತಾರೆ. ಹಲಗೆಗೆ ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆಸಿ, ಮೇಲೆ ಬಂದ ಮೊನೆಗೆ ಈರುಳ್ಳಿ ಚುಚ್ಚಿಡುವುದು ಆಕ್ಯುಪೇಷನಲ್ ಥೆರಪಿಯಲ್ಲಿ ಹಳೆಯ ಉಪಾಯ. ಊರಿನ ಬಡಗಿಯೇ ಮಾಡಿಕೊಡಬಲ್ಲ. ಈಗ ಈರುಳ್ಳಿ ನಿಂತಿತು, ಹಲಗೆ ಜಾರತೊಡಗಿತು. ಮತ್ತೆ ಪರಿಶೀಲನೆ. ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸುವುದು ಅವರಿಗೇ ಹೊಳೆಯುತ್ತದೆ. ವಾರದ ನಂತರ ದುಂಡು ತಳದ ಪಾತ್ರೆ ಕಲಕುವಾಗ ಗಿರ್ರನೆ ತಿರುಗಿದರೆ, ಯಾರನ್ನೂ ಕೇಳದೆ ಹಳೆಯ ಸೀರೆಯ ತುಂಡನ್ನು ಸಿಂಬೆ ಸುತ್ತಿ ಅದರ ಮೇಲೆ ಪಾತ್ರೆ ಇಡುತ್ತಾರೆ. ಸಿಂಬೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಕಲಿತದ್ದು ಈರುಳ್ಳಿ ಹೆಚ್ಚುವುದನ್ನಷ್ಟೇ ಅಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಸಂಶೋಧನೆಯಲ್ಲಿಯೂ ಇದೇ ಅಂಶ ಮುಖ್ಯವಾಗಿ ಕಂಡಿದೆ. ಸಾರಾ ಮೆಕ್‌ಯೂಅನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕ್ರಮದಿಂದ ಕಲಿತವರು, ಚಿಕಿತ್ಸೆಯಲ್ಲಿ ಅಭ್ಯಾಸ ಮಾಡಿಸದ ಕೆಲಸಗಳಲ್ಲಿಯೂ ಮುಂದುವರಿದರು. ಅಧ್ಯಯನ ಚಿಕ್ಕದು, ಅದರ ಮೇಲೆ ದೊಡ್ಡ ಸೌಧ ಕಟ್ಟಬಾರದು. ಒಟ್ಟಾರೆ ಆಕ್ಯುಪೇಷನಲ್ ಥೆರಪಿಯ ಬಗೆಗಿನ ಕಾಕ್ರೇನ್ ಸಮೀಕ್ಷೆಗಳೂ ದಿನನಿತ್ಯದ ಕೆಲಸಗಳಲ್ಲಿ ಲಾಭ ಉಂಟೆಂದು ಹೇಳುತ್ತಲೇ ಪುರಾವೆಯ ಗುಣಮಟ್ಟ ಇನ್ನೂ ಹೆಚ್ಚಬೇಕೆನ್ನುತ್ತವೆ. ದಿಕ್ಕು ಸ್ಪಷ್ಟವಿದೆ, ದೂರ ಬಾಕಿ ಇದೆ.

ಐದು: ಮಿತಿಗಳು ಮತ್ತು ನಮ್ಮ ಮನೆಗಳ ವಾಸ್ತವ

ಪ್ರಶ್ನೆ ಕೇಳಿ ಕಲಿಸುವ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಮಾತು ಅರ್ಥವಾಗದವರಿಗೆ ಚಿತ್ರ, ಸನ್ನೆ, ಮಾಡಿ ತೋರಿಸುವುದು ಬೇಕು. ತನಗೆ ಕಾಯಿಲೆಯೇ ಇಲ್ಲವೆನ್ನುವವರಿಗೆ, ಸ್ಮರಣೆ ತೀರಾ ಕುಂದಿದವರಿಗೆ ತಪ್ಪಿ ಕಲಿಯುವುದು ಅಪಾಯಕಾರಿ. ಅವರಿಗೆ ತಪ್ಪಿಗೆ ಎಡೆಯಿಲ್ಲದಂತೆ ಒಂದೇ ಕ್ರಮದಲ್ಲಿ ಅಭ್ಯಾಸ ಮಾಡಿಸುವುದು ಮೇಲು. ಬಿಸಿ ತಿಳಿಯದ ಕೈಯಿರುವವರನ್ನು ಒಲೆಯ ಮುಂದೆ ಒಂಟಿಯಾಗಿ ಬಿಡಲಾಗದು. ಇನ್ನು ಕೆಲವು ಉಪಾಯಗಳನ್ನು ಹುಡುಕಿಸುತ್ತ ಕೂರುವುದು ಅನಗತ್ಯ, ನೇರವಾಗಿ ಹೇಳಿಕೊಡಬೇಕು. ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ತೋಳನ್ನು ಮೊಣಕೈ ದಾಟಿಸಿ ಭುಜದವರೆಗೆ ಎಳೆದುಕೊಳ್ಳದಿದ್ದರೆ ಅಂಗಿ ಬೆನ್ನ ಹಿಂದೆ ಸಿಕ್ಕಿಕೊಳ್ಳುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಸೋತ ಕಾಲು ಮುಂದೆ. ಇವು ಬಾಯಿಪಾಠವಾಗಿರಲಿ.

ಪಾಶ್ಚಾತ್ಯ ಪುಸ್ತಕದ ಉಪಾಯಗಳು ನಮ್ಮ ಮನೆಗೆ ಹಾಗೆಯೇ ಹೊಂದವು. ಅಲ್ಲಿ ಫೋರ್ಕು ಹಿಡಿಯುವುದು ಗುರಿಯಾದರೆ ಇಲ್ಲಿ ಮುದ್ದೆ ಮುರಿಯುವುದು, ರೊಟ್ಟಿ ಹರಿಯುವುದು. ಬಲಗೈ ಸೋತವರಿಗೆ ಎಡಗೈಯಲ್ಲಿ ಉಣ್ಣುವುದು ಕೌಶಲದ ತೊಡಕಿಗಿಂತ ಹೆಚ್ಚಾಗಿ ಸಂಕೋಚದ ತೊಡಕು. ಎಷ್ಟೋ ಮಂದಿ ಪಂಕ್ತಿಯಲ್ಲಿ ಕೂರುವುದನ್ನೇ ಬಿಡುತ್ತಾರೆ. ಎಡಗೈಯಲ್ಲಿ ಚಮಚ ಹಿಡಿಯಬೇಕೇ, ಮನೆಯಲ್ಲಿ ಮಾತ್ರ ಎಡಗೈಯಲ್ಲಿ ಉಂಡು ಮದುವೆ ಮನೆಯಲ್ಲಿ ಇನ್ನೊಬ್ಬರ ನೆರವು ಪಡೆಯಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ. ನೆರವು ಬೇಡುವುದೂ ಒಂದು ಯೋಜನೆಯೇ, ಅದನ್ನು ಅವರೇ ಹಾಕಿದ್ದರೆ. ಬಚ್ಚಲಿನಲ್ಲಿ ಜಾರದ ಕುರ್ಚಿ, ಅರ್ಧ ತುಂಬಿದ ಬಕೆಟ್, ಹಿಡಿಯಿರುವ ಮಗ್ಗು, ಗೋಡೆಗೊಂದು ಹಿಡಿಕೆ; ಪಂಚೆಗೆ ವೆಲ್ಕ್ರೋ ಪಟ್ಟಿ; ಎಡಭಾಗ ಮರೆಯುವವರ ತಟ್ಟೆಯ ಎಡ ಅಂಚಿಗೆ ಕೆಂಪು ಟೇಪು. ಇವಕ್ಕೆ ತಗಲುವ ಖರ್ಚು ಅಲ್ಪ. ಯಾವುದು ಯಾರಿಗೆ ಎಂಬ ವಿವೇಚನೆ ಮಾತ್ರ ಅಗ್ಗದ್ದಲ್ಲ.

‘ಆರು ತಿಂಗಳಾಯಿತು, ಇನ್ನು ಏನೂ ಆಗದು’ ಎಂಬ ಮಾತನ್ನೂ ಇಲ್ಲೇ ಪರಿಶೀಲಿಸಬೇಕು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ನಿಜ. ಆದರೆ ಸ್ನಾಯುವಿನ ಚೇತರಿಕೆ ಬೇರೆ, ಕೆಲಸದ ಚೇತರಿಕೆ ಬೇರೆ. ಕೈ ಇದ್ದಷ್ಟೇ ಇದ್ದರೂ ಹೊಸ ಉಪಾಯದಿಂದ ಹೊಸ ಕೆಲಸ ಸಾಧ್ಯವಾಗಬಹುದು, ಅದಕ್ಕೆ ಗಡುವಿಲ್ಲ.

ಆರು: ಮುಂದೇನು

ಕೊನೆಯದಾಗಿ ಮೂರು ಸಲಹೆಗಳನ್ನು ಈ ಸಭೆಯ ಮುಂದಿಡುತ್ತೇನೆ. ಒಂದು, ಜಿಲ್ಲಾ ಆಸ್ಪತ್ರೆಗಳ ಮಟ್ಟದಲ್ಲಾದರೂ ಆಕ್ಯುಪೇಷನಲ್ ಥೆರಪಿಸ್ಟರ ಹುದ್ದೆ ಖಾಯಂ ಆಗಬೇಕು. ಎರಡು, ಕುಟುಂಬಕ್ಕೆ ಕೊಡುವ ತರಬೇತಿಯಲ್ಲಿ ಎತ್ತುವುದು, ಕೂರಿಸುವುದರ ಜೊತೆಗೆ ಕಾಯುವುದನ್ನು ಮತ್ತು ಕೇಳುವುದನ್ನೂ ಕಲಿಸಬೇಕು. ತೊಡಕು ಕಂಡ ಕೂಡಲೇ ಕೈ ಚಾಚದೆ ‘ಎಲ್ಲಿ ಸಿಕ್ಕಿಕೊಂಡಿತು?’ ಎಂದು ಕೇಳಲು ಆಶಾ ಕಾರ್ಯಕರ್ತೆಯರೂ ಮನೆಯವರಿಗೆ ಹೇಳಿಕೊಡಬಲ್ಲರು.

ಮೂರನೆಯದು ಇಂದೇ ಶುರುವಾಗಬಲ್ಲದ್ದು, ಅದಕ್ಕೆ ಸರ್ಕಾರಿ ಆದೇಶವೂ ಬೇಡ, ಅನುದಾನವೂ ಬೇಡ. ಪಾರ್ಶ್ವವಾಯು ರೋಗಿಯನ್ನು ಮನೆಗೆ ಕಳುಹಿಸುವ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ, ರೋಗಿ ತಾನೇ ಮಾಡಬೇಕೆಂದು ಆರಿಸಿಕೊಂಡ ಮೂರು ಕೆಲಸಗಳನ್ನು ಅವರದೇ ಮಾತಿನಲ್ಲಿ ಬರೆಯಲಿ. ಮುಂದಿನ ಭೇಟಿಯಲ್ಲಿ ರಕ್ತದೊತ್ತಡ ನೋಡಿದ ಮೇಲೆ ವೈದ್ಯರು ಆ ಮೂರನ್ನೂ ವಿಚಾರಿಸಲಿ: ಎಷ್ಟಾಯಿತು, ಯಾವ ಉಪಾಯ ಮಾಡಿದಿರಿ, ಯಾವುದು ಕೈಕೊಟ್ಟಿತು? ಮೊದಲ ಭೇಟಿಯಲ್ಲಿ ಉತ್ತರ ಮಗನಿಂದಲೋ ಸೊಸೆಯಿಂದಲೋ ಬಂದೀತು. ವೈದ್ಯರು ರೋಗಿಯ ಕಡೆಗೇ ತಿರುಗಿ ಮತ್ತೊಮ್ಮೆ ಕೇಳಬೇಕು.